ರಕ್ತ ನಮ್ಮದು, ವರದಿಯ ಭಾಷೆ ಯಾರದು?

ಕನ್ನಡದ ತರುಣರೇ,

ನಿಮ್ಮ ತಾಯಿಯ ರಕ್ತಪರೀಕ್ಷೆಯ ವರದಿಯನ್ನು ಒಮ್ಮೆ ಕೈಗೆತ್ತಿಕೊಳ್ಳಿ. ರಕ್ತ ಕೊಟ್ಟವರು ಅವರು, ಹಣ ಕೊಟ್ಟವರೂ ಅವರೇ. ಅದರಲ್ಲಿ ಅವರು ಓದಬಲ್ಲ ಒಂದು ಸಾಲಾದರೂ ಇದೆಯೇ? ಕೇಳಿದರೆ ಉತ್ತರ ಸಿದ್ಧ: "ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ ಸಾರ್!"

ಇದು ಹಸಿ ಸುಳ್ಳು. ಏಕೆಂದು ತಿಳಿದುಕೊಳ್ಳಿ.

ಒಂದು ಲ್ಯಾಬು 'ಆರ್‌ಬಿಎಸ್' ಎಂದು ಬರೆಯುತ್ತದೆ, ಇನ್ನೊಂದು 'ರ್‍ಯಾಂಡಮ್ ಶುಗರ್' ಎನ್ನುತ್ತದೆ. ಕಂಪ್ಯೂಟರಿಗೆ ಅವು ಎರಡು ಬೇರೆ ಪರೀಕ್ಷೆಗಳು. ಇಲ್ಲಿ 100 ಎಂದು ಬರುವ ಸಕ್ಕರೆ ಲಂಡನ್ನಿನ ಲ್ಯಾಬಿನಲ್ಲಿ 5.6 ಆಗುತ್ತದೆ, ಅಳತೆ ಬೇರೆ, ಅಷ್ಟೆ. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋದ ತಾಯಿ, ಸಕ್ಕರೆ ಕುಸಿಯಿತೆಂದು ಮಾತ್ರೆ ಬಿಟ್ಟರೆ ಗತಿಯೇನು?

ಇಂಥ ಗೊಂದಲ ತಪ್ಪಿಸಲೆಂದೇ ಅಮೆರಿಕದ ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ 'ಲಾಯಿಂಕ್' ಎಂಬ ಸಂಕೇತಪಟ್ಟಿ ಆರಂಭಿಸಿತು. ಯಾವ ವಸ್ತು, ಯಾವ ಬಗೆಯ ಅಳತೆ, ಯಾವ ಹೊತ್ತು, ಯಾವ ಮಾದರಿ, ಫಲಿತಾಂಶ ಅಂಕಿಯೋ ಮಾತೋ, ಯಾವ ವಿಧಾನ ಎಂಬುದನ್ನೆಲ್ಲ ನೋಡಿ ಪ್ರತಿ ಪರೀಕ್ಷೆಗೂ ಒಂದು ಸಂಖ್ಯೆ. ಸೀರಂ ಇಲ್ಲವೇ ಪ್ಲಾಸ್ಮಾದ ಗ್ಲೂಕೋಸ್ ತೂಕದ ಲೆಕ್ಕದಲ್ಲಾದರೆ 2345-7, ಮೋಲ್ ಲೆಕ್ಕದಲ್ಲಾದರೆ 14749-6. 'ಸ್ನೋಮೆಡ್ ಸಿಟಿ' ಎಂಬ ಇನ್ನೊಂದು ಪಟ್ಟಿ ರೋಗಗಳ ನಂಟು ಹೇಳುತ್ತದೆ. ಟೈಫಾಯ್ಡ್ ಎಂದರೆ ಬ್ಯಾಕ್ಟೀರಿಯಾದ ಸೋಂಕು ಎಂದು ಕಂಪ್ಯೂಟರಿಗೆ ತಿಳಿಯುವುದು ಹಾಗೆ. ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾನದಂಡಗಳಲ್ಲಿ ಇವೆರಡೂ ಇವೆ.

ಗಮನಿಸಿ! ಆ ಸಂಖ್ಯೆಗೆ ಭಾಷೆಯಿಲ್ಲ. ಅದರ ಮುಂದೆ ಯಾವ ಭಾಷೆಯ ಹೆಸರನ್ನಾದರೂ ಬರೆಯಬಹುದು. ಚೀನೀ, ತುರ್ಕಿ, ಸ್ಪ್ಯಾನಿಷ್ ಭಾಷೆಯವರು ಬರೆದುಕೊಂಡಿದ್ದಾರೆ. ವೈದ್ಯರಿಗೆ ಇಂಗ್ಲಿಷ್, ತಾಯಿಗೆ ಕನ್ನಡ. ಒಳಗಿನ ಸಂಖ್ಯೆ ಒಂದೇ.

ನಿಮ್ಮಲ್ಲಿ ಎಷ್ಟೋ ಮಂದಿ ಸಾಫ್ಟ್‌ವೇರ್ ಬರೆದು ಅನ್ನ ತಿನ್ನುವವರು. ಲ್ಯಾಬಿಗೆ ಸಾಫ್ಟ್‌ವೇರ್ ಕಟ್ಟುವಾಗ ಸಂಕೇತ, ಅಳತೆ, ಹೆಸರು ಮೂರನ್ನೂ ಮೊದಲ ದಿನವೇ ಬೇರೆ ಬೇರೆ ಇಡಿ. ಇಂಗ್ಲಿಷ್ ಹೆಸರನ್ನೇ ಪರೀಕ್ಷೆಯ ಗುರುತಾಗಿ ಮಾಡಿಬಿಟ್ಟರೆ ಆಮೇಲೆ ಕನ್ನಡಕ್ಕೆ ಜಾಗ ಹುಡುಕುವುದು ಕಷ್ಟ. ವೈದ್ಯರೊಂದಿಗೆ ಕೂತು ಕನ್ನಡದ ಹೆಸರು ಬರೆಯಿರಿ, ಜನ ಆಡುವ ಮಾತಿನಲ್ಲೇ ಬರೆಯಿರಿ. 'ಶರ್ಕರಾಂಶ' ಬೇಡ, 'ಸಕ್ಕರೆ' ಸಾಕು.

ಉಳಿದವರು ಸುಮ್ಮನೆ ಕೂರಬೇಡಿ. ಮುಂದಿನ ಸಲ ಲ್ಯಾಬಿಗೆ ಹೋದಾಗ ಕನ್ನಡದ ವರದಿ ಕೇಳಿ. "ಆಗುವುದಿಲ್ಲ" ಎಂದರೆ 2345-7 ತೋರಿಸಿ!