ಡಬ್ಬಿಯ ಮೇಲಿನ ಇಂಗ್ಲಿಷ್

ಮದುವೆಯ ಮಾಸಗಳು ಬಂದವೆಂದರೆ ನಮ್ಮ ಮನೆಗಳ ಕನ್ನಡಿಯ ಮುಂದೆ ಬಗೆಬಗೆಯ ಡಬ್ಬಿ, ಸೀಸೆಗಳು ಸಾಲುಗಟ್ಟುತ್ತವೆ. ಅವುಗಳ ಮೇಲಿನ ಬರಹ ಬಹುಮಟ್ಟಿಗೆ ಇಂಗ್ಲಿಷಿನದು. ದೊಡ್ಡ ಅಕ್ಷರಗಳನ್ನು ಎಲ್ಲರೂ ಓದುತ್ತೇವೆ. ಸಣ್ಣ ಅಕ್ಷರಗಳನ್ನು ಓದುವವರು ವಿರಳ.

ನಮಗೆ ಪರಿಚಿತರಾದ ಶರಣರೊಬ್ಬರ ಮನೆಯಲ್ಲಿ ನಿಶ್ಚಿತಾರ್ಥದ ಮುನ್ನಾದಿನ ಮಗಳು ಬಣ್ಣ ತಿಳಿಯಾಗಲೆಂದು ಮುಖಕ್ಕೆ ಲೇಪ ಹಚ್ಚಿಕೊಂಡು ಮಲಗಿದಳು. ಹತ್ತು ನಿಮಿಷಗಳ ಬಳಿಕ 'ರಿನ್ಸ್ ಆಫ್' ಎಂದು ಡಬ್ಬಿಯ ಹಿಂಬದಿಯಲ್ಲಿ ಬರೆದಿತ್ತು. ಬೆಳಗಾಗುವಷ್ಟರಲ್ಲಿ ಕೆನ್ನೆಗಳು ಕೆಂಪೇರಿ ಉರಿಯುತ್ತಿದ್ದವು. ಆ ತಾಯಿಯ ಕಣ್ಣೀರನ್ನು ಕಂಡ ಮೇಲೆ ಈ ವಿಷಯವನ್ನು ಕುರಿತು ಬರೆಯಲೇಬೇಕೆನಿಸಿತು.

ಇಂಗ್ಲಿಷಿನಲ್ಲಿ ಕ್ರಿಯಾಪದದ ಬೆನ್ನಿಗೆ ಬರುವ ಪುಟ್ಟ ಪದವೇ ಅನೇಕ ವೇಳೆ ಅರ್ಥವನ್ನು ನಿರ್ಣಯಿಸುತ್ತದೆ. 'ಲೀವ್ ಆನ್' ಎಂದರೆ ಹಚ್ಚಿದ್ದನ್ನು ಹಾಗೆಯೇ ಬಿಡುವುದು. 'ರಿನ್ಸ್ ಆಫ್' ಎಂದರೆ ನೀರಿನಿಂದ ತೊಳೆದು ತೆಗೆಯುವುದು. 'ಪ್ಯಾಟ್ ಡ್ರೈ' ಎಂದರೆ ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ತೇವವನ್ನು ತೆಗೆಯುವುದು. 'ಸ್ಪೇರಿಂಗ್ಲಿ' ಮಿತವನ್ನೂ 'ಲಿಬರಲಿ' ಧಾರಾಳವನ್ನೂ ಹೇಳುತ್ತವೆ. 'ಪ್ಯಾಚ್ ಟೆಸ್ಟ್' ಎಂಬುದು ಚರ್ಮದ ಅಲ್ಪ ಭಾಗಕ್ಕೆ ಮೊದಲು ಹಚ್ಚಿ ಪರೀಕ್ಷಿಸುವ ಕ್ರಮ. ಕೂದಲಿನ ಬಣ್ಣಕ್ಕಾದರೆ ಸಾಮಾನ್ಯವಾಗಿ 48 ಗಂಟೆಗಳ ಮುಂಚೆ ಇದನ್ನು ಮಾಡಬೇಕು.

ಇನ್ನು ಆಶ್ವಾಸನೆಯ ಮಾತುಗಳು. 'ಹೆಲ್ಪ್ಸ್ ರೆಡ್ಯೂಸ್ ದಿ ಅಪಿಯರೆನ್ಸ್ ಆಫ್ ರಿಂಕಲ್ಸ್' ಎಂಬ ವಾಕ್ಯವು ಸುಕ್ಕು ಹೋಗುವುದೆಂದು ಹೇಳುವುದಿಲ್ಲ. ಸುಕ್ಕು ಕಡಿಮೆಯಾದಂತೆ ಕಾಣಲು ನೆರವಾಗುವುದೆಂದಷ್ಟೇ ಹೇಳುತ್ತದೆ. ನಮ್ಮ ದೇಶದ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯೂ ಪ್ರಸಾಧನವನ್ನು ಶುಚಿಗೊಳಿಸುವ, ಅಂದಗೊಳಿಸುವ, ತೋರಿಕೆಯನ್ನು ಬದಲಿಸುವ ವಸ್ತುವೆಂದೇ ಗುರುತಿಸುತ್ತದೆ. ರೋಗ ಗುಣಪಡಿಸುವುದು ಔಷಧದ ಕೆಲಸ. 'ಅಪ್ ಟು 24 ಅವರ್ಸ್' ಎಂದರೆ ಹೆಚ್ಚೆಂದರೆ 24 ಗಂಟೆ; ಅದಕ್ಕಿಂತ ಕಡಿಮೆಯೂ ಆಗಬಹುದು. ಪದದ ತುದಿಗೆ ಅಂಟಿದ 'ಫ್ರೀ' ಉಚಿತವಲ್ಲ, 'ಇಲ್ಲದ್ದು' ಎಂದರ್ಥ. 'ಫ್ರೇಗ್ರೆನ್ಸ್ ಫ್ರೀ' ಎಂದರೆ ಪರಿಮಳದ್ರವ್ಯ ಬೆರೆಸದ್ದು; 'ಅನ್‌ಸೆಂಟೆಡ್' ಎಂಬುದರಲ್ಲಿ ಮೂಲವಾಸನೆಯನ್ನು ಮರೆಮಾಚುವ ದ್ರವ್ಯವಿರಬಹುದು.

'ಫೇರ್' ಎಂಬ ಪದಕ್ಕೆ ಬಿಳುಪು, ನ್ಯಾಯ ಎಂಬ ಎರಡರ್ಥಗಳುಂಟು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' ಎಂಬ ಹೆಸರು ಬಿಳುಪನ್ನೂ ಚೆಲುವನ್ನೂ ಒಂದೇ ಗಂಟಿನಲ್ಲಿ ಕಟ್ಟಿತು. 2020ರಲ್ಲಿ ಅದು 'ಗ್ಲೋ ಅಂಡ್ ಲವ್ಲಿ' ಆಯಿತು. ಡಬ್ಬಿಯ ಮೇಲಿನ ಪದ ಬದಲಾಯಿತು; ಹೆಣ್ಣು ನೋಡಲು ಹೋಗುವ ನಮ್ಮ ನಾಲಿಗೆಯ ಮೇಲಿನ ಪದ ಬದಲಾಗಿದೆಯೇ? ಆ ಮಗಳು ರಾತ್ರಿಯಿಡೀ ಲೇಪ ಹಚ್ಚಿಕೊಂಡು ಮಲಗಿದುದಕ್ಕೆ ಇಂಗ್ಲಿಷಿನ ಅಜ್ಞಾನವೊಂದೇ ಕಾರಣವಲ್ಲವೆಂದು ನಾವು ಒಪ್ಪಿಕೊಳ್ಳಬೇಕು. ಅಂತರಂಗದ ಶುದ್ಧಿಯನ್ನು ಬೋಧಿಸಿದ ಶರಣರ ಮಕ್ಕಳಾದ ನಾವು ಮೈಬಣ್ಣದಿಂದ ಹೆಣ್ಣಿನ ಬೆಲೆ ಕಟ್ಟುವುದು ಸಲ್ಲದು.

'ಗ್ಲಾಮರ್' ಎಂಬ ಇಂಗ್ಲಿಷ್ ಪದವು 'ಗ್ರಾಮರ್' ಎಂಬುದರ ಸ್ಕಾಟ್ಲೆಂಡಿನ ರೂಪಾಂತರ. ಅದರ ಮೊದಲ ಅರ್ಥ ಮಾಟ, ಮಂತ್ರ. ವ್ಯಾಕರಣ ಬಲ್ಲವರಿಗೆ ಡಬ್ಬಿಯ ಮಾಟ ಅಷ್ಟು ಸುಲಭವಾಗಿ ತಾಗದು. ಕಾಯಕದಿಂದ ಬಂದ ಹಣವನ್ನು ತೆರುವ ಮುನ್ನ ಹಿಂಬದಿಯ ಸಣ್ಣಕ್ಷರಗಳನ್ನು ಓದೋಣ; ತಿಳಿಯದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿ ಕೇಳೋಣ.