ಕೋವಿ ಮಾಡಿದ ಕೈ

ಸಿಡಿಯುವ ಆಯುಧಕ್ಕೆ ಕನ್ನಡದಲ್ಲಿ ಮೂರು ಹೆಸರುಗಳು ಬಳಕೆಯಲ್ಲಿವೆ. ತುಪಾಕಿ ಎಂಬುದು ತುರುಕರ ನುಡಿಯಿಂದ ಬಂದದ್ದು. ಬಂದೂಕು ಅರಬ್ಬಿಯಿಂದ ಬಂದದ್ದು. ಕೋವಿ ಮಾತ್ರ ನಮ್ಮ ಮನೆಯ ಮಾತು. ಕೋವಿ ಎಂದರೆ ಮೊದಲ ಅರ್ಥದಲ್ಲಿ ಕೊಳವೆ, ಅಷ್ಟೆ. ಹೊಗೆ, ಸದ್ದು, ಸಾವು ಇವು ಯಾವುವೂ ಆ ಹೆಸರಿನಲ್ಲಿಲ್ಲ. ಈ ಹೆಸರನ್ನು ಇಟ್ಟವನು ಸಿಪಾಯಿಯಲ್ಲ, ಕಮ್ಮಾರನೇ ಇರಬೇಕೆಂದು ನನಗೆ ಅನೇಕ ಸಲ ತೋರಿದೆ. ಎದುರಿಗೆ ನಿಂತವನಿಗೆ ಅದು ಸಿಡಿಲು. ಕುಲುಮೆಯ ಮುಂದೆ ಕುಳಿತವನಿಗೆ ಅದು ಕೊಳವೆ.

ಆ ಕೊಳವೆಯನ್ನು ಮಾಡುವುದು ಎಷ್ಟು ಕಷ್ಟವೆಂಬುದನ್ನು ನಮ್ಮಲ್ಲಿ ಬಲ್ಲವರು ಈಗ ವಿರಳ. ಮೊದಲು ಕಬ್ಬಿಣದ ಉದ್ದವಾದ ಪಟ್ಟಿಯನ್ನು ಕಾಸಿ, ಒಂದು ಸಲಾಕೆಯ ಸುತ್ತ ಬಾಗಿಸಿ, ಅಂಚಿಗೆ ಅಂಚನ್ನು ಕೂಡಿಸಬೇಕು. ಕಬ್ಬಿಣವು ಬೆಳ್ಳಗೆ ಬೆಂದು ಇನ್ನೇನು ಕರಗುವುದೆನ್ನುವ ಗಳಿಗೆಯಲ್ಲಿ ಸುತ್ತಿಗೆಯ ಪೆಟ್ಟು ಬೀಳಬೇಕು. ಗಳಿಗೆ ಮುಂಚಾದರೆ ಬೆಸುಗೆ ಹತ್ತದು. ತಡವಾದರೆ ಕಬ್ಬಿಣವೇ ಸುಟ್ಟುಹೋದೀತು. ಒಂದು ಸಲಕ್ಕೆ ಎರಡು ಮೂರು ಅಂಗುಲದಷ್ಟೇ ಬೆಸೆಯಲು ಸಾಧ್ಯ. ಹೀಗೆ ಮೂರು ಮೂರೂವರೆ ಅಡಿ ಉದ್ದದ ನಳಿಗೆಯನ್ನು ತುಂಡುತುಂಡಾಗಿ ಬೆಸೆದು ಮುಗಿಸಿದ ಮೇಲೆ, ಬೈರಿಗೆಯಿಂದ ಒಳಗನ್ನು ಕೊರೆದು ನುಣುಪು ಮಾಡಬೇಕು. ಹೊರಗನ್ನು ಅರದಿಂದ ಉಜ್ಜಿ ತಿದ್ದಬೇಕು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಉಳಿದರೂ ಅದರ ಫಲವನ್ನು ಉಣ್ಣುವವನು ವೈರಿಯಲ್ಲ, ಕೋವಿಯನ್ನು ಕೆನ್ನೆಗೆ ಆನಿಸಿ ಹಿಡಿದವನು.

ನಳಿಗೆಯೊಂದೇ ಕೋವಿಯಲ್ಲ. ಅದಕ್ಕೆ ಮರದ ಒಡಲು ಬೇಕು, ಕುದುರೆ ಬೇಕು, ಕುದುರೆಯನ್ನು ಎಳೆದು ಬಿಡುವ ಉಕ್ಕಿನ ಬಿಲ್ಲು ಬೇಕು, ಹಿತ್ತಾಳೆಯ ಕಟ್ಟುಗಳು ಬೇಕು, ಅರಸನ ಕೋವಿಯಾದರೆ ಬೆಳ್ಳಿಯ ಕೆತ್ತನೆ ಬೇಕು. ನಮ್ಮ ಪಾಂಚಾಳರಲ್ಲಿ ಐದು ಕಸುಬುಗಳೆಂದು ಹೇಳುವುದುಂಟು: ಕಮ್ಮಾರ, ಬಡಗಿ, ಕಂಚುಗಾರ, ಅಕ್ಕಸಾಲಿ, ಶಿಲ್ಪಿ. ಇವರಲ್ಲಿ ನಾಲ್ವರು ಕೂಡದೆ ಕೋವಿ ಹುಟ್ಟದು. ಐದನೆಯವನಿಗೆ ಏನು ಕೆಲಸವೆಂದು ಕೇಳುವವರಿಗೆ, ಕುದುರೆಯ ಬಾಯಲ್ಲಿ ಕಚ್ಚಿಸುತ್ತಿದ್ದ ಚಕಮಕಿಯ ಕಲ್ಲನ್ನು ತೋರಿಸಿದರೆ ಸಾಕು.

ಕೈಯಿಂದ ಕೋವಿ ಮಾಡುವ ಈ ವಿದ್ಯೆಯನ್ನು ಲೋಕದಲ್ಲಿ ಅತ್ಯಂತ ಪ್ರೀತಿಯಿಂದ ಕಾಪಾಡಿಕೊಂಡವರು ಅಮೆರಿಕದವರು. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳಿಂದ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಕಮ್ಮಾರರು ಲ್ಯಾಂಕಸ್ಟರ್ ಮೊದಲಾದ ಊರುಗಳಲ್ಲಿ ಕುಲುಮೆ ಹೂಡಿದರು. ತಮ್ಮ ನಾಡಿನ ಗಿಡ್ಡ, ದಪ್ಪ ಬೇಟೆಯ ಕೋವಿಯನ್ನು ಹೊಸ ನಾಡಿನ ಕಾಡಿಗೆ ತಕ್ಕಂತೆ ನೀಳವಾಗಿಸಿದರು. ನಳಿಗೆಯ ಉದ್ದ ನಾಲ್ವತ್ತು ಅಂಗುಲವನ್ನು ಮೀರಿತು, ರಂಧ್ರ ಕಿರಿದಾಯಿತು, ಮದ್ದೂ ಸೀಸವೂ ಉಳಿದವು. ನಳಿಗೆಯೊಳಗೆ ಸುರುಳಿಯಾಗಿ ಗೆರೆ ಕೊರೆದರು; ಆ ಗೆರೆಗಳಲ್ಲಿ ಹಾಯ್ದು ಬಂದ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಸಾಗುವುದು. ಮೇಪಲ್ ಮರದ ಅಲೆಯಲೆಯಾದ ಎಳೆಗಳ ಮೇಲೆ ಹಿತ್ತಾಳೆಯ ಕುಸುರಿ ಕೂಡಿಸಿದರು. ಇಳಕಲ್ಲಿನ ಸೆರಗನ್ನು ಕಂಡೊಡನೆ ನಮ್ಮ ಹೆಂಗಸರು ಸೀರೆಯ ಊರನ್ನು ಹೇಳುವಂತೆ, ಹಿಡಿಯ ಬಾಗನ್ನೂ ಕುಸುರಿಯ ಬಗೆಯನ್ನೂ ನೋಡಿ ಈ ಕೋವಿ ಇಂಥ ಸೀಮೆಯದೆಂದು ಹೇಳುವ ಬಲ್ಲಿದರು ಅಲ್ಲಿ ಇದ್ದಾರೆ.

ಕಾರ್ಖಾನೆಯ ಕೋವಿಗಳು ಬಂದ ಮೇಲೆ ಆ ವಿದ್ಯೆ ಅಲ್ಲಿಯೂ ಬಹುಮಟ್ಟಿಗೆ ಮರೆತುಹೋಯಿತು. ಆದರೆ ಹಳೆಯ ಕೋವಿಗಳು ಮನೆಗಳಲ್ಲಿ ಉಳಿದಿದ್ದವು. ೧೯೬೦ರ ದಶಕದಲ್ಲಿ ವರ್ಜೀನಿಯದ ವಿಲಿಯಮ್ಸ್‌ಬರ್ಗಿನಲ್ಲಿ ವ್ಯಾಲೇಸ್ ಗಸ್ಲರ್ ಎಂಬಾತ ಅವುಗಳನ್ನೇ ಗುರುವಾಗಿಟ್ಟುಕೊಂಡು, ಕಬ್ಬಿಣದ ಪಟ್ಟಿಯಿಂದ ಹಿಡಿದು ಕೊನೆಯ ತಿರುಪಿನವರೆಗೆ ಒಂದು ನೀಳ ಕೋವಿಯನ್ನು ಹಿಂದಿನವರ ಉಪಕರಣಗಳಿಂದಲೇ ಮಾಡಿದನು. ಆ ಕೆಲಸವನ್ನೆಲ್ಲ ಚಲನಚಿತ್ರವಾಗಿ ಹಿಡಿದಿಟ್ಟರು. ಇಂದು ಅಲ್ಲಿ ಎಷ್ಟೋ ಮಂದಿ ಗೃಹಸ್ಥರು ಬಿಡುವಿನ ವೇಳೆಯಲ್ಲಿ ಇಂಥ ಕೋವಿಗಳನ್ನು ಮಾಡುತ್ತಾರೆ.

ನಮ್ಮಲ್ಲಿ ಇಂಥ ವಿದ್ಯೆ ಇರಲಿಲ್ಲವೆ? ಇತ್ತು, ಮತ್ತು ಅದಕ್ಕೆ ತನ್ನದೇ ಆದ ಸೀಮೆಯ ಚಹರೆಯೂ ಇತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣ, ಬೆಂಗಳೂರು, ಬಿದನೂರುಗಳ ಜತೆಗೆ ನಮ್ಮ ನೆರೆಯ ಚಿತ್ರದುರ್ಗದಲ್ಲಿಯೂ ಆಯುಧದ ಕಾರ್ಖಾನೆಗಳಿದ್ದವು. ಶ್ರೀರಂಗಪಟ್ಟಣದ ಕೋವಿಯನ್ನು ಗುರುತಿಸಲು ಪಂಡಿತನೇ ಆಗಬೇಕಿಲ್ಲ. ಎಲ್ಲೆಲ್ಲಿಯೂ ಹುಲಿ: ಹುಲಿಯ ತಲೆ, ಹುಲಿಯ ಪಟ್ಟೆ, ಪಟ್ಟೆಯಾಕಾರದ ಮುದ್ರೆ, ನಳಿಗೆಯ ಮೇಲೆ ಬೆಳ್ಳಿಯ ಅಕ್ಷರ. ಕೆಲವು ಕೋವಿಗಳ ಮೇಲೆ ಮಾಡಿದವನ ಹೆಸರೂ ಉಂಟು. ಸಯ್ಯದ್ ಮಾಸೂಮ್, ಅಸದ್ ಖಾನ್ ಮಹಮ್ಮದ್: ಇವು ಅಂಥ ಎರಡು ಹೆಸರುಗಳು. ೧೭೯೯ರ ಮೇ ೪ರಂದು ಪಟ್ಟಣ ಬಿದ್ದ ಮೇಲೆ ಆ ಕೋವಿಗಳು ಹಡಗೇರಿ ಹೋದವು. ಕೆಲವು ವಿಂಡ್ಸರಿನ ಅರಮನೆಯನ್ನು ಸೇರಿದವು. ಕೆಲವು ಕೈಯಿಂದ ಕೈಗೆ ಹಾಯ್ದು ೨೦೧೫ರಲ್ಲಿ ಲಂಡನ್ನಿನ ಹರಾಜಿನ ಕಟ್ಟೆಯನ್ನು ಏರಿದವು. ಕೊಂಡವರು ಕೋವಿಗೆ ಬೆಲೆ ಕಟ್ಟಿದರು. ಅದನ್ನು ಮಾಡಿದ ವಿದ್ಯೆಗೆ ಬೆಲೆ ಕಟ್ಟುವ ಅವಕಾಶವೇ ಉಳಿದಿರಲಿಲ್ಲ.

ನಮ್ಮ ದಾವಣಗೆರೆ ಪೇಟೆಯಾಗಿ ಬೆಳೆದದ್ದೂ ಅದೇ ಕಾಲದಲ್ಲಿ. ಹೈದರನು ಇದನ್ನು ಆಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟನು. ಆತ ವರ್ತಕರನ್ನು ಕರೆಸಿ ನೆಲೆಗೊಳಿಸಿದನು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ದಾವಣಗೆರೆ, ಹರಿಹರಗಳ ಮೂಲಕ ಹಾದುಹೋದನು. ಅವನ ಪ್ರವಾಸದ ಗ್ರಂಥದಲ್ಲಿ ಮೈಸೂರು ಸೀಮೆಯ ಕುಲುಮೆಗಳ ವಿವರ ದೊರೆಯುತ್ತದೆ. ಅದಿರನ್ನು ಕರಗಿಸುವ ಬಗೆ, ತಿದಿ ಊದುವವರ ಕೂಲಿ, ಕಬ್ಬಿಣದ ಬೆಲೆ ಎಲ್ಲವನ್ನೂ ಆತ ಬರೆದುಕೊಂಡಿದ್ದಾನೆ. ಎಂದರೆ ಅರಸು ಅಳಿದ ಮೇಲೂ ಕುಲುಮೆ ಉರಿಯುತ್ತಿತ್ತು. ಕೋವಿಯ ವಿದ್ಯೆ ಸತ್ತದ್ದು ಸೋಲಿನಿಂದಲ್ಲ.

ಮತ್ತೆ ಯಾವುದರಿಂದ? ಯಂತ್ರದಿಂದ ಎಂದು ಸಾಮಾನ್ಯವಾಗಿ ಉತ್ತರ ಕೊಡುತ್ತೇವೆ. ಯಂತ್ರದ ಪಾಲೂ ಇದೆ, ನಿಜ. ಆದರೆ ಅದಕ್ಕೆ ಮೊದಲು ಒಂದು ಕಾಗದ ಬಂದಿತು. ೧೮೫೭ರಲ್ಲಿ ಕಂಪನಿ ಸರ್ಕಾರ ಆಯುಧಗಳ ಕಾನೂನನ್ನು ಹೊರಡಿಸಿತು. ನಿಶ್ಶಸ್ತ್ರೀಕರಣದ ಕಾಯಿದೆಯೆಂದು ಪಾಠದ ಪುಸ್ತಕಗಳಲ್ಲಿ ಅದನ್ನು ಓದಿದ್ದೇವೆ. ಅದರ ತಲೆಬರಹವನ್ನು ಗಮನಿಸಿದವರು ಕಡಮೆ. ಆಯುಧ ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ತರಿಸುವುದಕ್ಕೆ, ಮಾರುವುದಕ್ಕೆ, ಮಾಡುವುದಕ್ಕೆ ಕೂಡ ಅದು ಕಟ್ಟಳೆ ವಿಧಿಸಿತ್ತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ನಿಂತರು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ದಂಡು ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ ೧೯ ಮಂದಿಯನ್ನು ಗಲ್ಲಿಗೇರಿಸಿದರು. ಲಾವಣಿ ಆ ಬೇಡರನ್ನು ಮರೆಯಲಿಲ್ಲ. ಫ್ಲೀಟ್ ಸಾಹೇಬನು ಸಂಗ್ರಹಿಸಿದ ಆ ಹಾಡನ್ನು ನಮ್ಮ ಮಕ್ಕಳು ಇಂದಿಗೂ ಓದುತ್ತಾರೆ. ಆದರೆ ಅದೇ ಕಾನೂನಿನಿಂದ ಕುಲುಮೆ ಆರಿಸಿಕೊಂಡ ಕಮ್ಮಾರನ ಮೇಲೆ ಯಾರೂ ಲಾವಣಿ ಕಟ್ಟಲಿಲ್ಲ. ಅವನನ್ನು ಯಾರೂ ಗಲ್ಲಿಗೇರಿಸಲಿಲ್ಲ. ಅವನು ಕುಡ, ಕುಡುಗೋಲು ತಟ್ಟುವುದಕ್ಕೆ ಹಿಂದಿರುಗಿದನು. ಮಗನಿಗೆ ಕೋವಿಯ ಕೆಲಸ ಕಲಿಸಲಿಲ್ಲ. ಒಂದು ವಿದ್ಯೆ ಸಾಯುವುದಕ್ಕೆ ಅಷ್ಟು ಸಾಕು. ೧೮೭೮ರ ಆಯುಧ ಕಾಯಿದೆ ಬಂದಾಗ ಕಟ್ಟಳೆ ಇನ್ನೂ ಬಿಗಿಯಾಯಿತು.

ಕೊಡಗಿನವರಿಗೆ ೧೮೬೧ರಲ್ಲಿ ಈ ಕಟ್ಟಳೆಯಿಂದ ವಿನಾಯಿತಿ ದೊರೆಯಿತು. ಬೇರೆ ಬೇರೆ ರೂಪದಲ್ಲಿ ಅದು ಇಂದಿಗೂ ನಡೆದು ಬಂದಿದೆ. ಆದ್ದರಿಂದಲೇ ಅಲ್ಲಿ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುತ್ತಾರೆ. ಕೋವಿ ಮನೆಯಲ್ಲಿ ಉಳಿದಲ್ಲಿ ಅದರ ಹೂವು, ಅದರ ಹಬ್ಬ, ಅದರ ಮಾತು ಉಳಿದವು. ಉಳಿದ ಕನ್ನಡ ನಾಡಿನಲ್ಲಿ ‘ಈಡು’ ಮುಂತಾದ ಕೆಲವು ಶಬ್ದಗಳು ನಿಘಂಟಿನಲ್ಲಿ ಉಳಿದಿವೆ.

ಓದುಗರು ಇಲ್ಲಿ ತಡೆದು ಕೇಳಬಹುದು: ಕೊಲ್ಲುವ ಸಾಧನದ ವಿದ್ಯೆ ಅಳಿದರೆ ಅಳುವುದೇಕೆ? ಅಹಿಂಸೆಯನ್ನು ಬಾಯಿತುಂಬ ಹೊಗಳುವ ನಾಡಿನಲ್ಲಿ ಇದೆಂಥ ಶೋಕ? ಪ್ರಶ್ನೆ ನ್ಯಾಯವಾದದ್ದೇ. ಕೋವಿಯ ಕುಲುಮೆಗಳು ಮತ್ತೆ ಉರಿಯಲೆಂದು ನಾನು ಹಾರೈಸುತ್ತಿಲ್ಲ. ಅಮೆರಿಕದಲ್ಲಿ ಮನೆಮನೆಗೆ ಕೋವಿ ಇರುವುದರಿಂದ ಆಗುತ್ತಿರುವ ಅನಾಹುತವನ್ನು ಪತ್ರಿಕೆ ಓದುವ ಯಾರೂ ಬಲ್ಲರು. ಇಂದಿನ ನಮ್ಮ ಕಾನೂನು ಪರವಾನಗಿ ಬೇಡುವುದು ಸರಿಯಾಗಿಯೇ ಇದೆ. ನನ್ನ ವ್ಯಸನ ಕೋವಿಯದಲ್ಲ, ಕೈಯದು. ಬೆಳ್ಳಗೆ ಬೆಂದ ಕಬ್ಬಿಣದ ಗಳಿಗೆಯನ್ನು ಕಣ್ಣಿನಿಂದ ಅಳೆಯುವ ತಿಳಿವು ಕೊಲ್ಲುವ ತಿಳಿವಲ್ಲ. ಅದೇ ತಿಳಿವು ನೇಗಿಲಿಗೂ ಬೇಕು, ಗಾಲಿಯ ಕಬ್ಬಿಣದ ಪಟ್ಟಿಗೂ ಬೇಕು. ಅದನ್ನು ಬರೆದಿಡುವವರು ಇಲ್ಲದೆ, ಕೇಳುವವರೂ ಇಲ್ಲದೆ ಹೋಯಿತಲ್ಲ ಎಂಬುದೇ ಚಿಂತೆ.

ಈ ಚಿಂತೆ ಇನ್ನೂರು ವರ್ಷದ ಹಿಂದಿನದಾಗಿದ್ದರೆ ಈ ಅಂಕಣದಲ್ಲಿ ಇಷ್ಟು ದೂರ ಎಳೆಯುತ್ತಿರಲಿಲ್ಲ. ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ ಅದೇ ಕತೆ ನಮ್ಮ ಕಣ್ಣ ಮುಂದೆಯೇ ಮತ್ತೆ ನಡೆಯುತ್ತಿದೆ.

ಹರಿಹರಕ್ಕೂ ತಿರುಗಿಸಿ ಕಡೆಯುವ ವಿದ್ಯೆಗೂ ಹಳೆಯ ನಂಟು. ಹೊಯ್ಸಳ ಎರಡನೆಯ ನರಸಿಂಹನ ಮಂತ್ರಿ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ, ಕಲ್ಲನ್ನು ತಿರುಗಿಸಿ ಕಡೆದ ಕಂಬಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ. ಅದೇ ಊರಿನಲ್ಲಿ, ಅದೇ ತುಂಗಭದ್ರೆಯ ದಂಡೆಯಲ್ಲಿ, ಮೈಸೂರು ಕಿರ್ಲೋಸ್ಕರ್ ಸಂಸ್ಥೆ ೧೯೪೧ರಲ್ಲಿ ಸ್ಥಾಪನೆಯಾಗಿ ಕಬ್ಬಿಣ ಕಡೆಯುವ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಕೋವಿಯ ಕಮ್ಮಾರನಿಗೂ ಲೇತ್ ಯಂತ್ರಕ್ಕೂ ಇರುವ ಸಂಬಂಧ ಬರಿಯ ಉಪಮೆಯಲ್ಲ. ನಳಿಗೆಯೊಳಗೆ ಸುರುಳಿ ಗೆರೆ ಕೊರೆಯಲು ಪೆನ್ಸಿಲ್ವೇನಿಯದವರು ಮರದ ದಿಂಡೊಂದರ ಮೇಲೆ ಸುರುಳಿಯಾಗಿ ಕಾಲುವೆ ತೋಡಿಕೊಳ್ಳುತ್ತಿದ್ದರು. ದಿಂಡನ್ನು ಎಳೆದಂತೆ ಅದು ತಿರುಗಿ, ತುದಿಯ ಉಳಿಹಲ್ಲು ಕಬ್ಬಿಣದಲ್ಲಿ ಅದೇ ಸುರುಳಿಯನ್ನು ಮೂಡಿಸುತ್ತಿತ್ತು. ಲೇತ್ ಯಂತ್ರದಲ್ಲಿ ತಿರುಪಿನ ಮರೆ ಕತ್ತರಿಸುವ ಉದ್ದನೆಯ ಸ್ಕ್ರೂ ಮಾಡುವುದೂ ಅದನ್ನೇ. ಒಂದು ಸುರುಳಿ ಮತ್ತೊಂದು ಸುರುಳಿಯನ್ನು ಹೆರುತ್ತದೆ. ಹಿಂದೆ ಮರ, ಈಗ ಉಕ್ಕು; ಯುಕ್ತಿ ಮಾತ್ರ ಒಂದೇ.

ಹರಿಹರದ ಲೇತುಗಳು ದೇಶದ ಮೂಲೆಮೂಲೆಗೆ ಹೋದವು. ಎಷ್ಟೋ ಮನೆತನಗಳು ಅವುಗಳನ್ನು ಮಾಡಿ ಬದುಕಿದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಕೈಯ ವಿದ್ಯೆಯನ್ನು ನುಂಗಿದ ಯಂತ್ರವೆಂದು ನಾವು ಯಾವುದನ್ನು ಬಯ್ಯುತ್ತಿದ್ದೆವೋ, ಅದರ ಒಡಲಲ್ಲಿಯೂ ಒಂದು ಕೈಯ ವಿದ್ಯೆ ಬೆಳೆದಿತ್ತು. ಲೇತಿನ ಹಾಸಿಗೆಯನ್ನು ಕೊನೆಗೆ ಕೈಯಿಂದಲೇ ಹೆರೆದು ಸಮ ಮಾಡುವವನಿಗೆ, ಕೂದಲಿಗಿಂತ ತೆಳುವಾದ ಏರುತಗ್ಗು ಬೆರಳ ತುದಿಗೆ ತಿಳಿಯುತ್ತದೆ. ಅಂಥ ಬೆರಳುಗಳು ಇಂದು ಹರಿಹರದ ಬೀದಿಗಳಲ್ಲಿ ಮುದಿಯಾಗುತ್ತಿವೆ. ಮಗ ಬೆಂಗಳೂರಿನಲ್ಲಿದ್ದಾನೆ, ಮೊಮ್ಮಗನಿಗೆ ಅಜ್ಜ ಏನು ಮಾಡುತ್ತಿದ್ದನೆಂದು ಸರಿಯಾಗಿ ಗೊತ್ತಿಲ್ಲ.

ಆಯುಧಪೂಜೆಯ ದಿನ ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ ಸಣ್ಣ ವರ್ಕ್‌ಷಾಪುಗಳ ಸಾಲಿನಲ್ಲಿ ನಡೆದು ಹೋದರೆ ಕಣ್ಣಿಗೆ ಹಬ್ಬ. ಲೇತಿಗೆ ವಿಭೂತಿ, ಸುತ್ತಿಗೆಗೆ ಕುಂಕುಮ, ಅಡಿಗಲ್ಲಿಗೆ ಚೆಂಡುಹೂ. ಬಾಗಿಲಲ್ಲಿ ಒಡೆದ ಕುಂಬಳಕಾಯಿ. ಉಪಕರಣಕ್ಕೆ ನಾವು ತೋರುವ ಗೌರವದಲ್ಲಿ ಕೊರತೆಯಿಲ್ಲ. ಅದನ್ನು ಹಿಡಿದವನಿಗೆ ಆ ದಿನ ಸಿಕ್ಕುವುದು ಮಂಡಕ್ಕಿ ಮತ್ತು ಸಿಹಿಯ ಪೊಟ್ಟಣ.

ವಿಲಿಯಮ್ಸ್‌ಬರ್ಗಿನವರು ದೊಡ್ಡ ಸಾಹಸವನ್ನೇನೂ ಮಾಡಲಿಲ್ಲ. ಒಬ್ಬನು ಕೆಲಸ ಮಾಡುವಾಗ ಇನ್ನೊಬ್ಬನು ನಿಂತು ನೋಡಿದನು, ಚಿತ್ರ ಹಿಡಿದನು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಲಾವಣಿ ಸಂಗ್ರಹಿಸಲು ಹಳ್ಳಿಗಳಿಗೆ ಹೋಗುತ್ತಾರೆ, ಒಳ್ಳೆಯದು. ಅವರು ಒಮ್ಮೆ ಹರಿಹರಕ್ಕೂ ಹೋಗಲಿ. ನಿವೃತ್ತರಾದ ಟರ್ನರುಗಳ ಜಗುಲಿಯಲ್ಲಿ ಕುಳಿತು, ಯಾವ ಉಳಿಗೆ ಯಾವ ಹೆಸರು, ಕಬ್ಬಿಣ ಯಾವಾಗ ಹೇಗೆ ಸದ್ದು ಮಾಡುತ್ತದೆ, ಬೆರಳು ಹೇಗೆ ಅಳೆಯುತ್ತದೆ ಎಂಬುದನ್ನು ಬರೆದುಕೊಂಡು ಬರಲಿ. ಅವರಾಡುವ ಮಾತಿನಲ್ಲಿ ಇಂಗ್ಲಿಷೂ ಕನ್ನಡವೂ ಬೆಸೆದುಕೊಂಡಿರುತ್ತವೆ. ಆ ಬೆಸುಗೆಯನ್ನೂ ಹಾಗೆಯೇ ಬರೆದುಕೊಳ್ಳಲಿ.

ಶ್ರೀರಂಗಪಟ್ಟಣದಲ್ಲಿ ನೂರಾರು ಕೈಗಳು ದುಡಿದಿರಬೇಕು. ನಮಗೆ ದಕ್ಕಿದ ಹೆಸರುಗಳು ಕೆಲವೇ. ಅವೂ ಅರಸನ ಕೋವಿಯ ಮೇಲೆ ಕೊರೆದಿದ್ದರಿಂದ ದಕ್ಕಿದವು. ಹರಿಹರದವರ ಹೆಸರನ್ನು ಕೊರೆಯಲು ಅಂಥ ಕೋವಿಯಿಲ್ಲ. ಆದರೆ ಅವರು ಇನ್ನೂ ಜೀವಂತರಾಗಿದ್ದಾರೆ, ಕೇಳಿದರೆ ಹೇಳುತ್ತಾರೆ.