ಚೇತರಿಕೆಯ ಲೆಕ್ಕವೂ ಬಾಗಿಲ ಬಳಿಯ ಲಾಜರನೂ

ಚುನಾವಣೆ ಸಮೀಪಿಸಿದಾಗ ಅಧಿಕಾರದಲ್ಲಿರುವವರ ಬಾಯಿಂದ ತಪ್ಪದೆ ಕೇಳಿಬರುವ ಮಾತೊಂದುಂಟು. ನಾವು ಬಂದಾಗ ಬೊಕ್ಕಸ ಬರಿದಾಗಿತ್ತು, ಯುವಕರಿಗೆ ಉದ್ಯೋಗವಿರಲಿಲ್ಲ. ಇಂದು ದೇಶ ಚೇತರಿಸಿಕೊಂಡಿದೆ. ಕೈಗೆತ್ತಿಕೊಂಡ ಕಾರ್ಯ ಪೂರ್ಣಗೊಳ್ಳಲು ಇನ್ನೊಂದು ಅವಧಿ ಬೇಕು. ಪಕ್ಷ ಯಾವುದೇ ಇರಲಿ, ದೇಶ ಯಾವುದೇ ಇರಲಿ, ಈ ಮಾತಿನ ಧಾಟಿ ಬದಲಾಗುವುದಿಲ್ಲ. ಇದೆಲ್ಲವೂ ಸುಳ್ಳೆಂದು ನಾವು ಹೇಳುವುದಿಲ್ಲ. ಅನೇಕ ವೇಳೆ ಇದರಲ್ಲಿ ಸತ್ಯಾಂಶವೂ ಇರುತ್ತದೆ. ಆದರೆ ಚೇತರಿಕೆಯನ್ನು ಯಾವ ದಿನದಿಂದ ಎಣಿಸಲಾಗಿದೆ, ಎಣಿಕೆಯಲ್ಲಿ ಯಾರು ಸೇರಿದ್ದಾರೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯದ ಹೊರತು ಮತದಾರನು ಆ ಮಾತಿನ ಬೆಲೆಯನ್ನು ನಿರ್ಧರಿಸಲಾರನು.

ಇದಕ್ಕೆ ಅಮೆರಿಕದ 1984ರ ಅಧ್ಯಕ್ಷೀಯ ಚುನಾವಣೆ ಉತ್ತಮ ನಿದರ್ಶನ. ಅದಕ್ಕೆ ನಾಲ್ಕು ವರ್ಷ ಮೊದಲು, 1980ರ ಅಕ್ಟೋಬರಿನಲ್ಲಿ, ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೊಡನೆ ನಡೆದ ಚರ್ಚೆಯಲ್ಲಿ ರೊನಾಲ್ಡ್ ರೇಗನ್ ಅವರು ಮತದಾರರ ಮುಂದೆ ಒಂದು ಸರಳ ಪ್ರಶ್ನೆಯನ್ನಿಟ್ಟಿದ್ದರು: ನಾಲ್ಕು ವರ್ಷಗಳ ಹಿಂದಿಗಿಂತ ಇಂದು ನಿಮ್ಮ ಸ್ಥಿತಿ ಉತ್ತಮವಾಗಿದೆಯೇ? ಆ ವರ್ಷ ಹಣದುಬ್ಬರ ಶೇ. 13.5ರಷ್ಟಿತ್ತು. ಉತ್ತರವೇನೆಂದು ಹೇಳಬೇಕಾಗಿರಲಿಲ್ಲ, ಕಾರ್ಟರ್ ಸೋತರು.

ರೇಗನ್ ಅವರ ಮೊದಲ ಎರಡು ವರ್ಷಗಳು ಕಷ್ಟದಲ್ಲಿ ಕಳೆದವು. ಹಣದುಬ್ಬರವನ್ನು ಮಣಿಸಲೆಂದು ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಅವರು ಬಡ್ಡಿಯ ದರವನ್ನು 1981ರಲ್ಲಿ ಶೇ. 19ರ ಮಟ್ಟಕ್ಕೆ ಏರಿಸಿದರು. ಕಾರ್ಖಾನೆಗಳು ಮುಚ್ಚಿದವು. 1982ರ ಕೊನೆಯಲ್ಲಿ ನಿರುದ್ಯೋಗ ಶೇ. 10.8ಕ್ಕೆ ತಲುಪಿತು. ಆ ಬಳಿಕ ಬಡ್ಡಿ ಇಳಿಯಿತು, ತೆರಿಗೆ ಕಡಿತ ಹಾಗೂ ರಕ್ಷಣಾ ವೆಚ್ಚದ ಹಣ ಮಾರುಕಟ್ಟೆಗೆ ಹರಿಯಿತು, ಆರ್ಥಿಕತೆ ಪುಟಿದೆದ್ದಿತು. 1984ರಲ್ಲಿ ಬೆಳವಣಿಗೆಯ ದರ ಶೇ. 7ನ್ನು ಮೀರಿತು, ಹಣದುಬ್ಬರ ಶೇ. 4ರ ಆಸುಪಾಸಿಗೆ ಇಳಿಯಿತು. ಇವು ಸಾಮಾನ್ಯ ಸಾಧನೆಗಳಲ್ಲ. ಆದರೆ ವೋಲ್ಕರ್ ಅವರನ್ನು ಆ ಹುದ್ದೆಗೆ ನೇಮಿಸಿದವರು ಕಾರ್ಟರ್ ಎಂಬುದನ್ನು ಪ್ರಚಾರದ ಗದ್ದಲದಲ್ಲಿ ಯಾರೂ ನೆನೆಯಲಿಲ್ಲ. ಕಹಿ ಔಷಧ ಕುಡಿಸಿದ ಅಪವಾದ ಒಬ್ಬರಿಗೆ, ರೋಗ ವಾಸಿಯಾದ ಕೀರ್ತಿ ಇನ್ನೊಬ್ಬರಿಗೆ ಸಂದಿತು.

ಆ ಚುನಾವಣೆಯಲ್ಲಿ ರೇಗನ್ ಪಕ್ಷ ದೂರದರ್ಶನದಲ್ಲಿ ಬಿತ್ತರಿಸಿದ ಜಾಹೀರಾತೊಂದು ಇಂದಿಗೂ ಪ್ರಚಾರಕಲೆಯ ಪಾಠವಾಗಿ ಉಳಿದಿದೆ. ಅಮೆರಿಕದಲ್ಲಿ ಮತ್ತೆ ಬೆಳಗಾಗಿದೆ ಎಂಬುದು ಅದರ ಸಾರ. ಮನೆಮನೆಗೆ ಪತ್ರಿಕೆ ಹಂಚುವ ಹುಡುಗ, ಒಂದು ಮದುವೆ, ಮೇಲೇರುತ್ತಿರುವ ರಾಷ್ಟ್ರಧ್ವಜ: ಇವೇ ಅದರ ದೃಶ್ಯಗಳು. ಅದರೊಳಗಿನ ಅಂಕಿಗಳನ್ನು ಗಮನಿಸಿದರೆ ಒಂದು ಜಾಣ್ಮೆ ಕಾಣಿಸುತ್ತದೆ. ಹಣದುಬ್ಬರದ ಮಾತು ಬಂದಾಗ ಹೋಲಿಕೆ ನಾಲ್ಕು ವರ್ಷಗಳ ಹಿಂದಿನ ಸ್ಥಿತಿಯೊಡನೆ. ಉದ್ಯೋಗದ ಮಾತು ಬಂದಾಗ ಆ ಅಳತೆಗೋಲು ಮಾಯವಾಗಿ, ದುಡಿಯುವವರ ಒಟ್ಟು ಸಂಖ್ಯೆ ಹಿಂದೆಂದಿಗಿಂತ ಹೆಚ್ಚೆಂಬ ಹೇಳಿಕೆ ಬರುತ್ತದೆ. ಜನಸಂಖ್ಯೆ ಬೆಳೆಯುತ್ತಿರುವ ದೇಶದಲ್ಲಿ ದುಡಿಯುವವರ ಸಂಖ್ಯೆ ಬೆಳೆಯುವುದು ಸಹಜ. ರೇಗನ್ ಅಧಿಕಾರ ವಹಿಸಿಕೊಂಡ 1981ರ ಜನವರಿಯಲ್ಲಿ ನಿರುದ್ಯೋಗ ಶೇ. 7.5 ಇದ್ದರೆ, 1984ರ ನವೆಂಬರಿನಲ್ಲಿ ಅದು ಶೇ. 7.2 ಇತ್ತು. ಬಡತನ 1980ರಲ್ಲಿ ಶೇ. 13 ಇದ್ದುದು 1984ರಲ್ಲಿ ಶೇ. 14.4 ಆಗಿತ್ತು. 1982ರ ಕಂದಕದಿಂದ ನೋಡಿದರೆ ಮೇಲೇರಿದ್ದು ನಿಜ. ನಾಲ್ಕು ವರ್ಷಗಳ ಹಿಂದೆ ನಿಂತಿದ್ದ ನೆಲದಿಂದ ನೋಡಿದರೆ ಬಡವರ ಪಾಲಿಗೆ ಬೆಳಗಾಗಿರಲಿಲ್ಲ. ಹಾಗಿದ್ದೂ ರೇಗನ್ ಐವತ್ತು ರಾಜ್ಯಗಳ ಪೈಕಿ ನಲವತ್ತೊಂಬತ್ತನ್ನು ಗೆದ್ದರು. ಮುಂದೆ ತೆರಿಗೆ ಏರಿಸಲೇಬೇಕಾಗುತ್ತದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದ ಎದುರಾಳಿ ವಾಲ್ಟರ್ ಮಾಂಡೇಲ್ ಹೀನಾಯವಾಗಿ ಸೋತರು.

ಇಲ್ಲಿ ನಮ್ಮ ಧರ್ಮಸಭೆಗೆ ಸಂಬಂಧಿಸಿದ ಒಂದು ಸಂಗತಿಯನ್ನು ಸ್ಮರಿಸಬೇಕು. ಅದೇ ಕಾಲದಲ್ಲಿ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು ದೇಶದ ಆರ್ಥಿಕ ವ್ಯವಸ್ಥೆಯನ್ನು ಕುರಿತ ಮೇಷಪಾಲಕ ಪತ್ರವೊಂದನ್ನು ಸಿದ್ಧಪಡಿಸುತ್ತಿದ್ದರು. ಅದು ಯಾವ ಪಕ್ಷದ ಪ್ರಚಾರಕ್ಕೂ ಆಹಾರವಾಗಬಾರದೆಂದು, ಮತದಾನ ಮುಗಿದ ಬಳಿಕವೇ, 1984ರ ನವೆಂಬರಿನಲ್ಲಿ, ಅದರ ಮೊದಲ ಕರಡನ್ನು ಪ್ರಕಟಿಸಿದರು. 1986ರಲ್ಲಿ ಅಂಗೀಕೃತವಾದ ಆ ಪತ್ರದ ತಿರುಳು ಇಷ್ಟು: ಆರ್ಥಿಕತೆಯು ಮನುಷ್ಯನಿಗಾಗಿ ಏನು ಮಾಡುತ್ತದೆ, ಮನುಷ್ಯನನ್ನು ಏನು ಮಾಡುತ್ತದೆ ಎಂಬುದೇ ಅದರ ಪರೀಕ್ಷೆ; ಆ ಪರೀಕ್ಷೆ ಬಡವರ ಸ್ಥಿತಿಯಿಂದ ಆರಂಭವಾಗಬೇಕು. ದೇಶ ಚೇತರಿಕೆಯನ್ನು ಕೊಂಡಾಡುತ್ತಿದ್ದಾಗ ಅಂದಿನ ನಿರುದ್ಯೋಗದ ಮಟ್ಟವನ್ನು ಸಹಿಸಲಾಗದೆಂದು ಅವರು ಸ್ಪಷ್ಟವಾಗಿ ಸಾರಿದರು. ಇದನ್ನು ಎಲ್ಲ ಕಥೋಲಿಕರೂ ಒಪ್ಪಲಿಲ್ಲ. ಸಂಪತ್ತು ಸೃಷ್ಟಿಯಾದರೆ ತಾನೇ ಬಡವನಿಗೂ ಅದು ತಲುಪುವುದು ಎಂದು ವಾದಿಸಿದ ಗೃಹಸ್ಥ ಕಥೋಲಿಕರ ಗುಂಪೊಂದು ಪ್ರತ್ಯೇಕ ಪತ್ರವನ್ನೇ ಹೊರತಂದಿತು. ಆ ವಾದವನ್ನು ತಳ್ಳಿಹಾಕಲಾಗದು. ಕಾರ್ಖಾನೆ ತೆರೆಯದೆ ಕೆಲಸ ಹುಟ್ಟದು. ಆದರೆ ಸಂಪತ್ತು ತಲುಪುವುದೆಂದು ನಂಬುವುದು ಬೇರೆ, ತಲುಪಿತೇ ಎಂದು ವಿಚಾರಿಸುವುದು ಬೇರೆ.

ಅಂಕಿ ನಿಜವಾಗಿದ್ದರೂ ಜನರ ಅನುಭವಕ್ಕೆ ಬಾರದಿದ್ದರೆ ಅದು ನಾಯಕನನ್ನು ಕಾಪಾಡದು ಎಂಬುದಕ್ಕೂ ಉದಾಹರಣೆಯಿದೆ. ಅಧ್ಯಕ್ಷ ಜಾರ್ಜ್ ಬುಷ್ ಅವರು 1992ರಲ್ಲಿ ಮರುಚುನಾವಣೆ ಬಯಸಿದಾಗ, ಆರ್ಥಿಕ ಹಿಂಜರಿತ 1991ರ ಮಾರ್ಚಿನಲ್ಲೇ ಕೊನೆಗೊಂಡಿತ್ತು. ಅದನ್ನು ಅಧಿಕೃತವಾಗಿ ನಿರ್ಣಯಿಸುವ ತಜ್ಞರ ಸಂಸ್ಥೆ ಹಾಗೆಂದು ಘೋಷಿಸಿದ್ದು 1992ರ ಡಿಸೆಂಬರಿನಲ್ಲಿ, ಬುಷ್ ಸೋತ ನಂತರ. ಘೋಷಣೆ ಮೊದಲೇ ಬಂದಿದ್ದರೂ ಪ್ರಯೋಜನವಾಗುತ್ತಿತ್ತೆಂದು ಹೇಳಲಾಗದು. ಆ ವರ್ಷದ ನಡುವೆ ನಿರುದ್ಯೋಗ ಶೇ. 7.8ಕ್ಕೆ ಏರಿತ್ತು.

ನಮ್ಮ ದೇಶದ ಅನುಭವವೂ ಇದಕ್ಕಿಂತ ಭಿನ್ನವಲ್ಲ. 2002ರಲ್ಲಿ ಮುಂಗಾರು ವಾಡಿಕೆಗಿಂತ ಶೇ. 19ರಷ್ಟು ಕಡಿಮೆಯಾಗಿ ದೇಶ ಬರಗಾಲಕ್ಕೆ ತುತ್ತಾಯಿತು. ಮರುವರ್ಷ ಮಳೆ ಚೆನ್ನಾಗಿ ಬಂತು. 2003ರ ಕೊನೆಯ ಮೂರು ತಿಂಗಳಲ್ಲಿ ಬೆಳವಣಿಗೆ ಶೇ. 10.4 ಎಂದು ಪ್ರಕಟವಾಯಿತು. ಬರಗಾಲದ ವರ್ಷದೊಡನೆ ಹೋಲಿಸಿದಾಗ ಯಾವ ಬೆಳೆಯೂ ಸಮೃದ್ಧವಾಗಿಯೇ ಕಾಣುತ್ತದೆ. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರ ಸರಕಾರ 'ಭಾರತ ಪ್ರಕಾಶಿಸುತ್ತಿದೆ' ಎಂಬ ಜಾಹೀರಾತುಗಳೊಡನೆ ಲೋಕಸಭಾ ಚುನಾವಣೆಯನ್ನು ಅವಧಿಗೆ ಮುನ್ನವೇ ನಡೆಸಿತು. 2004ರ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಭಾರತೀಯ ಜನತಾ ಪಕ್ಷದ ಬಲ 182ರಿಂದ 138ಕ್ಕೆ ಕುಸಿದಿತ್ತು. ಇದನ್ನು ಒಂದೇ ಪಕ್ಷದ ಪಾಠವೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಮಾಹಿತಿ ತಂತ್ರಜ್ಞಾನದ ಏಳಿಗೆಗೆ ಹೆಸರಾಗಿದ್ದ ಎಸ್. ಎಂ. ಕೃಷ್ಣ ಅವರ ಕಾಂಗ್ರೆಸ್ ಸರಕಾರವೂ ಅದೇ ಸಮಯಕ್ಕೆ ವಿಧಾನಸಭಾ ಚುನಾವಣೆಯನ್ನು ಮುಂಚಿತವಾಗಿ ಎದುರಿಸಿ, 132 ಸ್ಥಾನಗಳಿಂದ 65ಕ್ಕೆ ಇಳಿಯಿತು. ಮೈತ್ರಿಗಳ ಲೆಕ್ಕಾಚಾರ, ಜಾತಿಯ ಸಮೀಕರಣ ಮೊದಲಾದ ಕಾರಣಗಳೂ ಇದ್ದವು. ಆದರೆ ಸತತ ಬರದಿಂದ ಬಸವಳಿದಿದ್ದ ರೈತನು ಆ ಪ್ರಕಾಶದ ಚಿತ್ರದಲ್ಲಿ ತನ್ನ ಮುಖವನ್ನು ಕಾಣಲಿಲ್ಲ ಎಂಬುದನ್ನೂ ಮರೆಯಲಾಗದು.

ಇನ್ನು ನಮ್ಮ ಕುಟುಂಬಗಳ ಕಡೆಗೆ ದೃಷ್ಟಿ ಹರಿಸೋಣ. ರೇಗನ್ ಕೇಳಿದ ಪ್ರಶ್ನೆ ಚುನಾವಣೆಯನ್ನು ಪ್ರತಿಯೊಂದು ಮನೆಯ ಜಮಾ-ಖರ್ಚಿನ ಪುಸ್ತಕವನ್ನಾಗಿ ಮಾಡಿತು. ಕರಾವಳಿಯ ಅನೇಕ ಕಥೋಲಿಕ ಮನೆಗಳಲ್ಲಿ ಆ ಪುಸ್ತಕ ನಡೆಯುವುದು ಗಲ್ಫ್ ದೇಶಗಳಲ್ಲಿ ದುಡಿಯುವ ಮಕ್ಕಳ ಹಣದಿಂದ. ಅಂತಹ ಮನೆಯ ಏಳಿಗೆಗೆ ದೆಹಲಿಯ ಅಥವಾ ಬೆಂಗಳೂರಿನ ಸರಕಾರ ಎಷ್ಟರಮಟ್ಟಿಗೆ ಕಾರಣವೆಂದು ಹೇಳುವುದು ಕಷ್ಟ. ಆದರೆ ಪಕ್ಕದ ಮನೆಯಲ್ಲಿ ಬೀಡಿ ಕಟ್ಟುವ ತಾಯಿಗೆ, ಹಂಚಿನ ಕಾರ್ಖಾನೆ ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡವನಿಗೆ, ಸರಕಾರದ ನೀತಿ ಅನ್ನದ ಪ್ರಶ್ನೆಯೇ ಆಗಿರುತ್ತದೆ. ನಮ್ಮ ಮನೆಯ ಲೆಕ್ಕವನ್ನಷ್ಟೇ ನೋಡಿ ನಾವು ಮತ ನೀಡಿದರೆ ಆ ಮನೆಯ ಲೆಕ್ಕವನ್ನು ಯಾರು ನೋಡಬೇಕು?

ಲೂಕನ ಶುಭಸಂದೇಶದಲ್ಲಿ ಪ್ರಭು ಯೇಸು ಹೇಳಿದ ಧನಿಕನ ಹಾಗೂ ಲಾಜರನ ಸಾಮತಿ ನಮಗೆಲ್ಲ ತಿಳಿದದ್ದೇ. ಆ ಧನಿಕನು ಲಾಜರನನ್ನು ಹೊಡೆದನೆಂದಾಗಲಿ, ಓಡಿಸಿದನೆಂದಾಗಲಿ ಅಲ್ಲಿ ಹೇಳಿಲ್ಲ. ಅವನ ಲೆಕ್ಕದಲ್ಲಿ ಲಾಜರನೇ ಇರಲಿಲ್ಲ, ಅಷ್ಟೇ. ಆ ಬೀದಿಯ ಸರಾಸರಿ ಆದಾಯವನ್ನು ಯಾರಾದರೂ ಅಂದು ಗುಣಿಸಿದ್ದರೆ, ಹುಣ್ಣು ತುಂಬಿ ಬಾಗಿಲ ಬಳಿ ಬಿದ್ದಿದ್ದವನೂ ಸಿರಿವಂತನೆಂದೇ ದಾಖಲಾಗುತ್ತಿದ್ದನು.

ಆದುದರಿಂದ ಚುನಾವಣಾ ಕಾಲದಲ್ಲಿ ಚೇತರಿಕೆಯ ಕರಪತ್ರ ಮನೆಗೆ ಬಂದಾಗ ಅದನ್ನು ಹರಿದೊಗೆಯುವುದೂ ಬೇಡ, ಕಣ್ಣುಮುಚ್ಚಿ ನಂಬುವುದೂ ಬೇಡ. ಸಂಜೆಯ ಜಪಸರ ಮುಗಿದ ಮೇಲೆ ಮನೆಮಂದಿ ಒಟ್ಟಿಗೆ ಕುಳಿತು ಓದಬಹುದು. ಈ ಏರಿಕೆಯನ್ನು ಯಾವ ವರ್ಷದಿಂದ ಎಣಿಸಿದ್ದಾರೆ? ಒಟ್ಟು ಸಂಖ್ಯೆ ಕೊಟ್ಟು ದರವನ್ನು ಮರೆಮಾಡಿದ್ದಾರೆಯೇ? ಚೇತರಿಕೆ ತಲುಪದವರಿಗಾಗಿ ಮುಂದಿನ ಅವಧಿಯಲ್ಲಿ ಏನು ಮಾಡುವರೆಂದು ಹೇಳಿದ್ದಾರೆಯೇ? ಇವುಗಳ ಜೊತೆಗೆ ಆ ಹಳೆಯ ಪ್ರಶ್ನೆಯನ್ನೂ ಸ್ವಲ್ಪ ತಿದ್ದಿ ಕೇಳಿಕೊಳ್ಳೋಣ: ನಾಲ್ಕೈದು ವರ್ಷಗಳ ಹಿಂದಿಗಿಂತ ಇಂದು ನಮ್ಮ ನೆರೆಯವನ ಸ್ಥಿತಿ ಉತ್ತಮವಾಗಿದೆಯೇ? ಈ ಪ್ರಶ್ನೆಗೆ ಉತ್ತರ ಯಾವ ಜಾಹೀರಾತಿನಲ್ಲೂ ಸಿಗದು. ನೆರೆಯವನ ಅಂಗಳಕ್ಕೆ ಹೋಗಿ ನಾವೇ ಕೇಳಿ ತಿಳಿಯಬೇಕು.